ಅರವತ್ತೊಂದೋ ಅರವತ್ತಮೂರೋ

ವಾಲ್ಪರಾಯಿಸೊದಲ್ಲಿ ನೆಟ್ಟಗೆ ನಡೆದು
ಯಾರೂ ಯಾರ ಮನೆಯನ್ನೂ ಮುಟ್ಟಿದ್ದಿಲ್ಲ.
ಮೆಟ್ಟಿಲು, ಮೆಟ್ಟಿಲ ಬಗಲಿಗೊಂದು ಮೆಟ್ಟಿಲು,
ಒಬ್ಬರ ಮಾಡು ಇನ್ನೊಬ್ಬರ ಅಂಗಳ,
ಕಡಲು ಮಾತ್ರ ಎಲ್ಲರ ಕಿಟಕಿಯಲ್ಲೂ
ಬಾಡಿಗೆ ಕೊಡದೆ ಕೂತಿದೆ.

ಅಂಥದೊಂದು ಮೆಟ್ಟಿಲಸಾಲು ಸುಟ್ಟುಹೋಯಿತು.
ಮರದ್ದು. ಒಂದೇ ರಾತ್ರಿ.

ಅದನ್ನು ಪರದೆಯ ಮೇಲೆ ಮತ್ತೆ ಕಟ್ಟುತ್ತೇನೆಂದು ಹೊರಟವಳು ನಾನು,
ಯಾನಾರಾ ಕಾತ್ರಿಲೆಯೊ,
ಶಾಲೆಯ ಗ್ರಂಥಾಲಯದಲ್ಲಿ ಅರ್ಧ ದಿನದ ಕೆಲಸ,
ಒಂದು ಮುದಿ ಕಂಪ್ಯೂಟರು, ಕಡ ತಂದ ಮೈಕು.
ಮೊದಲಿನಿಂದ ಹೇಳಿ, ಅಂದೆ ಎಲ್ಲರಿಗೂ.

ಮೊದಲು ಅನ್ನುವುದು ಎಲ್ಲಿದೆ?
ರೊಟ್ಟಿಯಂಗಡಿಯ ರಿಗೊಬೆರ್ತೊಗೆ ಅದು ತೀರಾ ಕೆಳಗಿತ್ತು:
ನಸುಕಿನ ನಾಲ್ಕಕ್ಕೆ ಬುಟ್ಟಿ ಹೊತ್ತು ಏರುತ್ತಿದ್ದವನು.
ಎದುವಿನಾಗೆ ತೀರಾ ಮೇಲೆ:
ಮದುವೆಯ ಗೌನು ಮೊಣಕಾಲಿಗೆತ್ತಿ ಇಳಿದವಳು.
ಮೆಟ್ಟಿಲು ಅರವತ್ತೊಂದು, ಅಂದ ಅವನು.
ಅರವತ್ತಮೂರು, ಅಂದಳು ಅವಳು.
ನನ್ನ ಮೇಜಿನ ಮುಂದೆಯೇ ಜಗಳ.
ಎಣಿಸೋಣವೆಂದರೆ ಬೂದಿಗೆ ಲೆಕ್ಕ ಬರದು,
ನಗರಪಾಲಿಕೆಯ ನಕ್ಷೆಯಲ್ಲಿ ಮೆಟ್ಟಿಲೇ ಇರಲಿಲ್ಲ.

ಎರಡನ್ನೂ ಇಟ್ಟೆ.
ಐವತ್ತರ ಹತ್ತಿರ ದಾರಿ ಕವಲೊಡೆಯುತ್ತದೆ.
ಎಡಕ್ಕೆ ಒತ್ತಿದರೆ ಏರು ಬೇಗ ಮುಗಿದು ರೊಟ್ಟಿಯ ಬಿಸಿ,
ಬಲಕ್ಕೆ ಒತ್ತಿದವರಿಗೆ ಎರಡು ಮೆಟ್ಟಿಲು ಹೆಚ್ಚು.
ಆ ಎರಡರ ಮೇಲೆ ಕಾಲು ಚಾಚಿ
ಬೆಳ್ಳುಳ್ಳಿ ಸುಲಿಯುತ್ತಾಳೆ ಒಬ್ಬ ಹೆಂಗಸು,
ಎದುವಿನಾಳ ಹೊರತು ಯಾರಿಗೂ ನೆನಪಿಲ್ಲದವಳು.

ಆಮೇಲೆ ಕೈ ನಿಲ್ಲಲಿಲ್ಲ.
ಪಟ ಒತ್ತಿದರೆ ಸದ್ದು, ಸದ್ದು ಒತ್ತಿದರೆ ಕಾಗದ,
ಕಾಗದದಲ್ಲೊಂದು ಹೆಸರು ಒತ್ತಿದರೆ
ಗ್ಯಾಸಿನವನು ಸಿಲಿಂಡರಿಗೆ ಕಬ್ಬಿಣ ಬಡಿಯುತ್ತ ಬರುತ್ತಾನೆ.
ಮೂವತ್ತನೆಯ ಮೆಟ್ಟಿಲು ಕಿರ್ ಅನ್ನುತ್ತದಲ್ಲ,
ಅದು ಬೇರೆ ಗುಡ್ಡದ ಮೆಟ್ಟಿಲು. ಕದ್ದು ತಂದದ್ದು.
ಕೇಳಿದವರೆಲ್ಲ, ಅದೇ, ಅದೇ, ಅಂದರು.
ನಾನು ಬಾಯಿ ಬಿಡಲಿಲ್ಲ.

ಎಲ್ಲ ಬಾಗಿಲೂ ತೆರೆಯಬೇಕು:
ಅದೊಂದೇ ನಾನು ಕಲಿತ ವಿದ್ಯೆ.

ಒಂದು ಗುರುವಾರ ಎದುವಿನಾ ಬಂದು
ಪರದೆಯ ಮೇಲೆ ಬೆರಳಿಟ್ಟಳು,
ನಲವತ್ತನೆಯ ಮೆಟ್ಟಿಲ ಪಕ್ಕ, ಖಾಲಿ ಗೋಡೆಗೆ.
ಇಲ್ಲಿ ನೊಲ್ಬೆರ್ತೊನ ಬಾಗಿಲಿತ್ತು. ಹಸಿರು.
ಆ ರಾತ್ರಿ ಇಳಿಯುವಾಗ ತಟ್ಟಿದೆ.
ಮತ್ತೆ ತಟ್ಟಿದೆ.
ಆಮೇಲೆ ನನ್ನ ಕೂದಲಿಗೇ ಕಿಡಿ ಹಾರಿತು.

ಹಿಂದಿನ ದಿನವೇ ಅವನು ಇಕೀಕೆಯ ಹಡಗು ಹತ್ತಿದ್ದ
ಅನ್ನುವವರಿದ್ದಾರೆ ಬಂದರಿನಲ್ಲಿ.
ಇಲ್ಲ ಅನ್ನುವವರೂ ಇದ್ದಾರೆ.
ನಾನು ಹುರುಪಿನಿಂದ ಮೌಸು ಹಿಡಿದೆ:
ಹಾಗಾದರೆ ಎರಡು ದಾರಿ ಮಾಡೋಣ,
ಒಂದರಲ್ಲಿ ಮನೆ ಖಾಲಿ, ಇನ್ನೊಂದರಲ್ಲಿ...

ಮೆಟ್ಟಿಲಿಗೆ ಎರಡು ಲೆಕ್ಕ ನಡೆಯುತ್ತದೆ ಮಗಳೇ,
ಅಂದಳು. ಇದಕ್ಕೆ ನಡೆಯದು.
ಬಾಗಿಲು ಇಡು. ಒತ್ತಿದರೆ ತೆರೆಯಬಾರದು.

ಬಾಗಿಲಿಗಿರುವ ಕೊಂಡಿ ಚೇಳಿಗೂ ಇದೆ
ಎಂದು ನನಗೆ ತಿಳಿದದ್ದು ಆವತ್ತು.

ಇಟ್ಟೆ. ಹಸಿರಿನ ಛಾಯೆಗೆ ಒಂದು ವಾರ ಹಿಡಿಯಿತು.
ತಟ್ಟುವ ಸದ್ದು ಅವಳದೇ ಗೆಣ್ಣಿನದು,
ಗ್ರಂಥಾಲಯದ ಮೇಜಿನ ಮೇಲೆ ಹಿಡಿದದ್ದು, ಮೂರು ಸಲ.
ಈಗ ಪ್ರತಿ ಗುರುವಾರ ಬರುತ್ತಾಳೆ,
ಚೀಲ ಕೆಳಗಿಟ್ಟು, ಕನ್ನಡಕ ಒರೆಸಿ, ಒತ್ತುತ್ತಾಳೆ.
ಕಾಯುತ್ತಾಳೆ.
ಎದ್ದು ಹೋಗುವಾಗ ಈರುಳ್ಳಿಯ ಬೆಲೆ ಹೇಳುತ್ತಾಳೆ.

ನಿನ್ನೆ ಇಲಾಖೆಯ ಹುಡುಗ ಬಂದಿದ್ದ, ತಪಾಸಣೆಗೆ.
ಎಲ್ಲ ಒತ್ತಿ ನೋಡಿ ಪಟ್ಟಿಯಲ್ಲಿ ಬರೆದುಹೋದ:
ನಲವತ್ತನೆಯ ಮೆಟ್ಟಿಲು, ಕೊಂಡಿ ಕೆಟ್ಟಿದೆ,
ಎಲ್ಲಿಗೂ ಒಯ್ಯುತ್ತಿಲ್ಲ, ರಿಪೇರಿ ಆಗಬೇಕು.

ಸಂಜೆ ದೀಪ ಆರಿಸುವ ಮುಂಚೆ ಒತ್ತಿ ನೋಡಿದೆ.
ಟಕ್. ಟಕ್. ಟಕ್.

ಸರಿಯಾಗಿಯೇ ಇದೆ.